ಗುಲಾಬಿ ಬಣ್ಣದ ಮೆಕ್ಕೆಜೋಳ

ಅಮ್ಮ ಐದನೇ ಕ್ಲಾಸಿಗೆ ಟೀಚರ್. ಶಿಕ್ಷಕರಿಗೆಲ್ಲ ಎರಡು ದಿನ ಕೃಷಿ ತರಬೇತಿ ಕಡ್ಡಾಯ ಅಂದಾಗ ಅವಳು ಮೂಗು ಮುರಿದಿದ್ದೇ ಮುರಿದಿದ್ದು. ಬೀಜ, ಬೇರು, ಕಾಂಡ ಅಂತ ಹದಿನಾರು ವರ್ಷದಿಂದ ಬಾಯಿ ನೋಯಿಸಿಕೊಂಡಿದ್ದೇನೆ, ಇನ್ನೇನು ಕಲಿಸುತ್ತಾರಂತೆ ಎಂದು ಗೊಣಗುತ್ತಲೇ ಹೋದಳು.

ಮೊದಲ ದಿನ ಮಧ್ಯಾಹ್ನವೇ ಅವಳ ಫೋನ್. ನಾನು ಕಾಲೇಜು ಕ್ಯಾಂಟೀನಿನಲ್ಲಿ ಗೆಳತಿಯರ ಜೊತೆ ಹಲ್ಲು ಕಿರಿಯುತ್ತ ಕೂತಿದ್ದೆ. ತರಬೇತಿಯವರು ಗುಲಾಬಿ ಬಣ್ಣದ ಮೆಕ್ಕೆಜೋಳ ತೋರಿಸಿದರಂತೆ. ಬಿತ್ತನೆ ಬೀಜಕ್ಕೆ ಹುಳ ಹಿಡಿಯದಿರಲಿ ಎಂದು ವಿಷ ಸವರಿರುತ್ತಾರೆ, ಯಾರೂ ತಪ್ಪಿ ತಿನ್ನದಿರಲಿ ಎಂದೇ ಆ ಬಣ್ಣ, ಬರಿಗೈಯಲ್ಲಿ ಮುಟ್ಟಲೂಬಾರದು ಅಂದರಂತೆ.

ಆ ವಾರದ ಸೋಮವಾರವಷ್ಟೇ ಅಮ್ಮ ಅದನ್ನೇ ಮೂವತ್ತೆರಡು ಮಕ್ಕಳಿಗೆ ಹಂಚಿದ್ದಳು. ಮಾವ ಬಿತ್ತಿ ಉಳಿಸಿದ್ದ ಬೀಜ. ಎಷ್ಟು ಮುದ್ದಾಗಿದೆ ಎಂದು ತಲೆಗೆ ಹತ್ತರಂತೆ ಪೊಟ್ಟಣ ಕಟ್ಟಿಕೊಟ್ಟವಳು ನಾನೇ. ಒದ್ದೆ ಹತ್ತಿಯಲ್ಲಿಟ್ಟು ಮೊಳಕೆ ಬರಿಸಿ ಅಂತ ಹೋಂವರ್ಕ್.

ಬೀಜ ಹಾಳಾಗಿದೆ, ಬಿಸಾಕಿ ಅಂತಷ್ಟೇ ಪೋಷಕರ ಗ್ರೂಪಿಗೆ ಹಾಕೋಣ, ಸುಮ್ಮನೆ ಯಾಕೆ ಮರ್ಯಾದೆ ಕಳೆದುಕೊಳ್ಳುತ್ತೀಯ ಅಂದೆ.

“ವಿಷ ಅಂತಲೇ ಹಾಕು. ನಾನು ಕೊಟ್ಟಿದ್ದು ಅಂತಲೂ ಹಾಕು.”

ಸಂಜೆಯೊಳಗೆ ಮೂವತ್ತೊಂದು ಮನೆಯವರು ಉತ್ತರ ಕೊಟ್ಟರು. ಇಬ್ಬರು ಬಾಯಿಗೆ ಬಂದಂತೆ ಬೈದರು. ಒಬ್ಬ ಹುಡುಗಿಯ ಅಪ್ಪ, ಟೈಲರ್, ಮಾತ್ರ ಫೋನೇ ಎತ್ತಲಿಲ್ಲ. ಅವರ ಅಂಗಡಿಗೆ ಓಡಿದೆವು.

ಮಗಳು ಹೊಲಿಗೆ ಮಿಷನ್ ಪಕ್ಕ ಕೂತು ಗುಂಡಿ ಪೋಣಿಸುತ್ತಿದ್ದಳು. ಕಿಟಕಿಯಲ್ಲಿ ಸ್ಟೀಲ್ ಮುಚ್ಚಳ, ಅದರ ತುಂಬ ಹತ್ತಿ, ಬಿಳಿ ಮೊಳಕೆ. ಅಮ್ಮ ಎಣಿಸಿದಳು. ಏಳೇ ಇದ್ದವು.

“ಇನ್ನು ಮೂರು ಎಲ್ಲಿ ಪುಟ್ಟಾ?”

“ಬೆಳಿಗ್ಗೆ ತಿಂದೆ ಮಿಸ್. ಮೊಳಕೆ ಕಾಳು ತಿಂದ್ರೆ ಶಕ್ತಿ ಬರುತ್ತೆ ಅಂತ ನೀವೇ ಹೇಳಿದ್ರಲ್ಲ. ಥೂ, ಕಹಿ.”

ಅದು ವಿಷ ಸವರಿದ ಬೀಜ ಎಂದು ಅಮ್ಮ ಹೇಳಿದ್ದೇ ತಡ, ಟೈಲರ್ ಕತ್ತಿನ ಟೇಪನ್ನೂ ತೆಗೆಯದೆ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರ್ ಯಾವ ವಿಷ ಎಂದು ಕೇಳಿದರು. ಮಾವನಿಂದ ಬೀಜದ ಚೀಲದ ಫೋಟೋ ತರಿಸಿ ತೋರಿಸಿದೆ. ಅದಕ್ಕೂ ಮೊದಲು ಎರಡು ಸಲ ಬೇರೆ ಫೋಟೋ ತೆರೆದುಕೊಂಡಿತು. ತಿಂದಿದ್ದು ಕಡಿಮೆ, ಆದರೂ ನಾಳೆವರೆಗೆ ಇಲ್ಲೇ ಇರಲಿ, ಈಗಲೇ ಏನೂ ಹೇಳಲಾಗದು ಅಂದರು.

ಟೈಲರ್ ಜೋರು ಮಾಡಲಿಲ್ಲ. “ಕಲಿತೋರು ನೀವು. ನಿಮ್ಗೂ ಗೊತ್ತಿರ್ಲಿಲ್ವಾ ಮೇಡಂ?” ಅಂದರು.

“ಗೊತ್ತಿರ್ಲಿಲ್ಲ.”

ಅಮ್ಮನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಅವಳು ಮಂಚದ ಕಡೆ ಹೆಜ್ಜೆ ಇಟ್ಟಳು. ಟೈಲರ್ ಅಡ್ಡ ಬಂದು ನಿಂತರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು.