ನೀರು ಸುಮ್ಮನಿದೆ

ಹುಳದ ಜಾತಿ ಪತ್ತೆಹಚ್ಚೋ ಪಿಸಿಆರ್ ಯಂತ್ರಕ್ಕೆ ಅಕ್ಕ ಯಾರು, ಪಕ್ಕದ ಮನೆಯವರು ಯಾರು ಅಂತ ಗೊತ್ತಾಗೋದಿಲ್ಲ ನೋಡಿ. ಅದನ್ನು ನಡೆಸೋ ತಂಗಿಗೆ ಗೊತ್ತಾಗುತ್ತೆ, ಅಲ್ಲೇ ಬಂತು ತಾಪತ್ರಯ.

ಬೆಳಿಗ್ಗೆ ಅವಳು ಲ್ಯಾಬಿನ ಬಾಗಿಲು ತೆಗೆಯೋ ಹೊತ್ತಿಗೇ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು, ಕೈಯಲ್ಲಿ ಮಾತ್ರೆ ಡಬ್ಬಿ. ಅದರೊಳಗೆ ಅಕ್ಕಿಕಾಳಿನಷ್ಟು ಉದ್ದದ ಒಂದೇ ಒಂದು ಬೂದು ಪತಂಗ ಸತ್ತು ಬಿದ್ದಿತ್ತು. ಅಕ್ಕನ ಪಾಲಿಹೌಸಿನ ಟೊಮೆಟೊ ಎಲೆಗಳನ್ನು ಯಾವುದೋ ಹುಳ ಕೊರೆಯುತ್ತಿತ್ತು. ಇಲ್ಲಿಯದೇ ಹಳೇ ಹುಳವಾದರೆ ಒಂದೆರಡು ಸಲ ಔಷಧಿ ಹೊಡೆದರಾಯ್ತು. ಹೊರದೇಶದಿಂದ ಬಂದದ್ದಾದರೆ ಗಿಡವೆಲ್ಲ ಕಿತ್ತು ಸುಡಬೇಕು, ಇಲ್ಲದಿದ್ದರೆ ಪಕ್ಕದವರ ಬೆಳೆಗೂ ಹಾರುತ್ತದೆ. ಎರಡರ ಪತಂಗವೂ ಒಂದೇ ಅಚ್ಚು, ಕಣ್ಣಿಗೆ ತಿಳಿಯೋ ಮಾತಲ್ಲ.

"ಕಾಯಿ ಈಗ ತಾನೇ ಕೆಂಪಾಗ್ತಿದೆ ಕಣೇ," ಅಂದಳು ಅಕ್ಕ. "ಒಳ್ಳೇ ಸುದ್ದಿ ಹೇಳು."

ಅಮ್ಮ ಹೋದ ಮೇಲೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದ ಕೈ ಅದು. ತಂಗಿ ಆ ಕೈಯಿಂದ ಡಬ್ಬಿ ಇಸಿದುಕೊಂಡು ಒಳಗೆ ಹೋದಳು.

ರೂಢಿಯಂತೆ ಪತಂಗದ ಒಂದು ಕಾಲನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಅರೆದು ರಸ ಮಾಡಿದಳು. ಮೂರು ಟ್ಯೂಬು. ಒಂದರಲ್ಲಿ ಹೊರದೇಶದ ಹುಳದ ರಸ, ಅದು ಹೋಲಿಸಿ ನೋಡಲಿಕ್ಕೆ ಇಟ್ಟ ಗುರುತಿನ ಕಳ್ಳ. ಇನ್ನೊಂದರಲ್ಲಿ ಅಕ್ಕನ ಪತಂಗದ್ದು. ಮೂರನೆಯದರಲ್ಲಿ ಬರೀ ನೀರು. ಪರದೆಯ ಮೇಲೆ ಕಳ್ಳನ ಗೆರೆ ಏರಬೇಕು, ನೀರಿನದು ಏಳಲೇಬಾರದು. ಅಕ್ಕನದು ಎದ್ದರೆ ಹುಳ ಹೊರದೇಶದ್ದೇ.

ಮೂರೂ ಎದ್ದವು.

ಅಯ್ಯೋ ಕರ್ಮವೇ! ಅಕ್ಕನ ಮಾತನ್ನೇ ನೆನೆಯುತ್ತಾ, ಕಳ್ಳನಿಗೆ ಅದ್ದಿದ, ಹನಿ ಹೀರೋ ಪಿಪೆಟ್ಟಿನ ತುದಿಯನ್ನು ಬದಲಿಸದೆ ಅಕ್ಕನ ರಸಕ್ಕೂ ನೀರಿಗೂ ಅದ್ದಿದ್ದಳು. ಹೊಸಬರಿಗೆ "ತುದಿ ಬದಲಿಸ್ರೋ" ಅಂತ ಬಾಯಿ ಬಡಿದುಕೊಳ್ಳೋಳು ಇವಳೇ! ಅರೆದ ರಸವೆಲ್ಲ ಕೆಟ್ಟಿತು. ಹೊರಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದಳು.

"ನೀರಿಗೂ ಹುಳ ಬಂತಾ?" ಅಕ್ಕ ನಕ್ಕೇಬಿಟ್ಟಳು. "ಹಾಗಾದ್ರೆ ನಿನ್ನ ಯಂತ್ರಕ್ಕೇ ತಲೆ ಕೆಟ್ಟಿದೆ. ಏನೂ ಇಲ್ಲ ಅಂತ ಬರೆದುಬಿಡು."

"ಏನೂ ಗೊತ್ತಾಗಿಲ್ಲ ಅಂತಷ್ಟೇ ಅಕ್ಕಾ. ಒಂದು ಕಾಲು ಉಳಿದಿದೆ, ಮತ್ತೆ ಮಾಡ್ತೀನಿ."

ಅಕ್ಕ ದನಿ ತಗ್ಗಿಸಿದಳು. "ಆ ಕಾಲು ಎಷ್ಟಿದ್ದೀತು? ಒಂದು ಸೀನು ಬಂದ್ರೆ ಹಾರಿಹೋಗುತ್ತೆ, ಅಲ್ವಾ?"

ತಂಗಿ ಅಕ್ಕನ ಮುಖವನ್ನೇ ನೋಡಿದಳು. "ಹಾರಿಹೋಗುತ್ತೆ," ಅಂದಳು. "ಅದಕ್ಕೇ ಉಸಿರು ಬಿಗಿಹಿಡಿದು ಮಾಡ್ತೀನಿ."

"ಮಾಡು, ಮಾಡು. ಸಾಕಿದ್ದಕ್ಕೆ ಒಳ್ಳೇ ಋಣ ತೀರಿಸ್ತಿದ್ದೀಯ." ಅಕ್ಕ ಮುಖ ತಿರುಗಿಸಿದಳು.

ಆ ಮಾತು ನಾಟಿತು. ತಂಗಿ ಒಳಗೆ ಹೋಗಿ ಕಣ್ಣೊರೆಸಿಕೊಂಡು, ಕೈಗವಸು ಬದಲಿಸಿ, ಎಲ್ಲವನ್ನೂ ಹೊಸದಾಗಿ ಜೋಡಿಸಿಕೊಂಡಳು. ಈ ಸಲ ಪ್ರತಿ ಹನಿಗೂ ಹೊಸ ತುದಿ. ಚಿಮುಟದಲ್ಲಿ ಆ ಕಾಲನ್ನು ಎತ್ತುವಾಗ ತಲೆಯೆತ್ತಿ ನೋಡಿದರೆ, ಗಾಜಿನಾಚೆ ಅಕ್ಕನೂ ಉಸಿರು ಬಿಗಿಹಿಡಿದು ನಿಂತಿದ್ದಳು.

ಮಧ್ಯಾಹ್ನ ತಂಗಿ ಕೈಗವಸು ಕಳಚುತ್ತಾ ಹೊರಗೆ ಬಂದಳು.

"ನೀರು?" ಅಂತ ಅಕ್ಕನೇ ಕೇಳಿದಳು.

"ಸುಮ್ಮನಿದೆ."

"ನನ್ನದು?"

ತಂಗಿ ಅತ್ತುಬಿಟ್ಟಳು.

ಅಕ್ಕ ಬೆಂಚಿನ ಮೇಲೆ ಕುಸಿದಳು. ತಾನೂ ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಫೋನು ತೆಗೆದು ಪಕ್ಕದ ಪಾಲಿಹೌಸಿನವರಿಗೆ ಮಾಡಿದಳು. "ನಮ್ಮಲ್ಲಿ ಬಂದುಬಿಟ್ಟಿದೆ. ಇವತ್ತೇ ಕಿತ್ತು ಸುಡ್ತೀವಿ. ನೀವೂ ಒಂದೊಂದು ಎಲೆ ತಿರುವಿ ನೋಡ್ಕೊಳ್ಳಿ."

ಆ ಕಡೆಯವರು ಏನೋ ಕೇಳಿದರು.

"ಇಲ್ಲ, ತಪ್ಪಿರಲ್ಲ," ಅಂದಳು ಅಕ್ಕ, ತಂಗಿಯ ಕೈ ಹಿಡಿದುಕೊಂಡು. "ನಮ್ಮ ಹುಡುಗಿ ಎರಡೆರಡು ಸಲ ನೋಡಿದ್ದಾಳೆ."