ಜೇಬಿನಲ್ಲಿ ಸಿಕ್ಕಿದ್ದು

ಲಾಂಡ್ರಿ ಅಂಗಡಿಯೊಳಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುತ್ತಿದ್ದುದು ಗೋಡೆಯ ಮೇಲಿನ ಪದಕದ ಮೇಲೆ. ಗಾಜಿನ ಚೌಕಟ್ಟಿನೊಳಗೆ ಬಣ್ಣ ಮಾಸಿದ ರಿಬ್ಬನ್ನು, ಅದರ ತುದಿಗೆ ದುಂಡನೆಯ ಬಿಲ್ಲೆ. ಅಜ್ಜಿಯ ಅಪ್ಪನದು. ಅವನು ದಂಡಿನಲ್ಲಿದ್ದನಂತೆ, ದೊಡ್ಡ ಯುದ್ಧಕ್ಕೆ ಹೋಗಿ ಬದುಕಿ ಬಂದನಂತೆ. ಅಂಗಿ ಸುಟ್ಟಿತೆಂದು ಜಗಳ ಕಾಯಲು ಬಂದವರೂ ಅದನ್ನು ನೋಡಿ ದನಿ ತಗ್ಗಿಸುತ್ತಿದ್ದರು.

"ಸಿಪಾಯಿ ಮಗಳು ನಾನು," ಎನ್ನುತ್ತಿದ್ದಳು ಅಜ್ಜಿ. "ಸುಟ್ಟಿದ್ರೆ ಸುಟ್ಟಿದೀನಿ ಅಂತೀನಿ. ಇದು ನಿಮ್ಮನೆ ಇಲಿ ಮಾಡಿದ ತೂತು."

ಪದಕದ ಕೆಳಗಿನ ಹಲಗೆಯ ಮೇಲೆ ಒಂದು ತಗಡಿನ ಡಬ್ಬಿ ಇತ್ತು. ಜೇಬುಗಳಲ್ಲಿ ಸಿಕ್ಕಿದ್ದೆಲ್ಲ ಅದರೊಳಗೆ: ಬೀಗದ ಕೈ, ಬಾಚಣಿಗೆ, ಒಮ್ಮೆ ಒಂದು ಹಲ್ಲಿನ ಸೆಟ್ಟು. ಸಿಕ್ಕಿದ್ದಕ್ಕೆ ಬಿಳಿ ಬಟ್ಟೆಯ ಚೂರು ಕಟ್ಟಿ, ಕೆಂಪು ನೂಲಿನಲ್ಲಿ ಮೂರು ಅಡ್ಡ ಹೊಲಿಗೆ ಹಾಕಬೇಕು. ಮೂರು ಹೊಲಿಗೆ ಎಂದರೆ, ಇದು ನಮ್ಮದಲ್ಲ, ಯಜಮಾನರು ಬರಬೇಕು. ಅಜ್ಜಿಯ ಅಪ್ಪನೇ ಹಾಕಿಕೊಟ್ಟ ರೂಢಿ. ಏಳನೇ ತರಗತಿಗೇ ಶಾಲೆ ಬಿಟ್ಟ ಮೊಮ್ಮಗಳಿಗೆ ಅಕ್ಷರಕ್ಕಿಂತ ಆ ಹೊಲಿಗೆಯೇ ಸಲೀಸು.

ಆ ವಾರ ಗ್ರಂಥಾಲಯದವರು ಬೀದಿಯಲ್ಲಿ ಚೀಟಿ ಹಂಚಿದರು. ನಿಮ್ಮ ಮನೆತನದಲ್ಲಿ ಸಿಪಾಯಿಗಳಿದ್ದರೆ ಅವರ ದಾಖಲೆಯನ್ನು ನಮ್ಮ ಕಂಪ್ಯೂಟರಿನಲ್ಲಿ ಪುಕ್ಕಟೆ ಹುಡುಕಿಕೊಳ್ಳಿ; ಭಾನುವಾರದ ಸಭೆಯಲ್ಲಿ ಅವರ ಹೆಸರು ಓದುತ್ತೇವೆ. ಅಜ್ಜಿ ಆ ಚೀಟಿಗೂ ಒಂದು ಸಲ ಇಸ್ತ್ರಿ ಆಡಿಸಿದಳು.

"ನೀನೇ ಹೋಗಿ ಬಾ, ಪುಟ್ಟಿ."

"ನಂಗೆ ಅಲ್ಲೆಲ್ಲ ಮಾತಾಡಕ್ಕೆ ಬರಲ್ಲ ಅಜ್ಜಿ."

"ಕಂಪ್ಯೂಟರ್ ಹತ್ರ ಏನು ಮಾತು? ಅದೇನು ಕಚ್ಚುತ್ತಾ? ನಂಗೆ ಎಂಬತ್ತಮೂರಾಯ್ತು. ನಾಲ್ಕು ಜನರ ಮುಂದೆ ನಮ್ಮಪ್ಪನ ಹೆಸರು ಒಂದ್ಸಲ ಕೇಳಿ ಕಣ್ಣು ಮುಚ್ತೀನಿ."

ಗ್ರಂಥಾಲಯದ ಮೇಡಂ ಮೂಗಿನ ತುದಿಯ ಕನ್ನಡಕದ ಮೇಲಿಂದ ಅವಳನ್ನು ನೋಡಿ, ಪಕ್ಕದಲ್ಲೇ ಕೂರಿಸಿಕೊಂಡರು. ಒಬ್ಬರಿಗೆ ಒಂದು ಗಂಟೆ. ಪರದೆಯ ಮೂಲೆಯಲ್ಲಿ ನಿಮಿಷಗಳು ಇಳಿಯುತ್ತಿದ್ದವು. ಮುತ್ತಜ್ಜನ ಹೆಸರು ಸಿಪಾಯಿಗಳ ಸಾಲಿನಲ್ಲಿ ಸಿಗಲಿಲ್ಲ. ದಂಡಿನ ಹಿಂದೆ ಹೋದ ಕೆಲಸಗಾರರ ಸಾಲಿನಲ್ಲಿ ಸಿಕ್ಕಿತು. ಅದೇ ಹೆಸರು, ತಂದೆಯ ಹೆಸರೂ ಅದೇ, ಹುಟ್ಟಿದೂರೂ ಅದೇ.

"ಇವರಲ್ಲ ಬಿಡಮ್ಮ," ಎಂದರು ಮೇಡಂ. "ಇವರು ಬಟ್ಟೆ ಒಗೆಯೋರು."

ಮೇಜಿನ ಮೇಲಿದ್ದ ತನ್ನ ಕೈಗಳನ್ನು ಅವಳು ನೋಡಿಕೊಂಡಳು. ಸೋಡಾಕ್ಕೆ ಬಿರಿದ ಬೆರಳು, ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಹಳೆಯ ಬರೆ. ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು.

"ಹೌದು ಮೇಡಂ, ಇವರಲ್ಲ."

"ಪದಕದ ಅಂಚಿನಲ್ಲಿ ನಂಬರ್ ಕೆತ್ತಿರ್ತಾರೆ. ಅದನ್ನ ಬರ್ಕೊಂಡು ಬಾ, ಸಿಕ್ಕೇ ಸಿಗುತ್ತೆ."

ಮಧ್ಯಾಹ್ನ ಅಜ್ಜಿ ಬೆಂಚಿನ ಮೇಲೆ ತೂಕಡಿಸುತ್ತಿದ್ದಾಗ ಅವಳು ಚೌಕಟ್ಟು ಬಿಚ್ಚಿದಳು. ಅಂಚಿನಲ್ಲಿ ನಂಬರ್ ಇತ್ತು. ಬರೆದುಕೊಂಡಳು. ಪದಕವನ್ನು ತಿರುಗಿಸಿದಾಗ ರಿಬ್ಬನ್ನಿನ ಹಿಂದೆ ಬೆರಳಿಗೆ ಏನೋ ತಗುಲಿತು. ಕಣ್ಣು ಕಾಣುವ ಮೊದಲೇ ಬೆರಳಿಗೆ ಗೊತ್ತಾಯಿತು. ಉಗುರಿನಷ್ಟು ಬಿಳಿ ಬಟ್ಟೆ, ಅದರ ಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ ನೂಲು. ಮೂರು ಅಡ್ಡ ಹೊಲಿಗೆ.

ನೋಡಿಯೂ ನೋಡದವಳ ಹಾಗೆ ಗಾಜು ಮುಚ್ಚಿದಳು.

ಮಾರನೆಯ ದಿನ ಆ ನಂಬರಿಗೆ ಸಿಕ್ಕಿದ್ದು ಬೇರೆ ಯಾರದೋ ಹೆಸರು. ಯುದ್ಧದಲ್ಲಿ ಮಡಿದ ಸಿಪಾಯಿ. ಮೇಡಂ ಹುಬ್ಬು ಗಂಟಿಕ್ಕಿದರು.

"ಆ ಕಾಲದಲ್ಲಿ ಕೆಲವರು ಬೇರೆ ಹೆಸರು ಕೊಟ್ಟು ಸೇರ್ತಿದ್ರು. ನಿಮ್ಮ ಮುತ್ತಜ್ಜನೂ ಹಾಗೇನಾದ್ರೂ?"

ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ಮೊಮ್ಮಗಳು ಹೌದೆಂದು ತಲೆಯಾಡಿಸಿದಳು. ಅರವತ್ತೆಂಟು ವರ್ಷ ಬಾಳಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಸತ್ತ ಮುತ್ತಜ್ಜನನ್ನು ಆ ಒಂದು ತಲೆಯಾಟದಲ್ಲಿ ಯುದ್ಧದಲ್ಲಿ ಕೊಂದುಬಿಟ್ಟಳು.

ಮೇಡಂ ಖುಷಿಯಿಂದ ದಾಖಲೆಯ ಹಾಳೆ ತೆಗೆದುಕೊಟ್ಟರು. ಅವಳು ಅದನ್ನು ಇಸ್ತ್ರಿ ಮೇಜಿನ ಮೇಲೆ ಹರಡಿ, ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿದಳು. ಕೊನೆಯಲ್ಲಿ ಯಾರೋ ಒಂದು ಟಿಪ್ಪಣಿ ಬರೆದು ಸೇರಿಸಿದ್ದರು.

"ಇವರು ನಮ್ಮ ತಾತ. ಕೊನೆಯ ಕಾಗದದಲ್ಲಿ ಹೀಗೆ ಬರೆದಿದ್ದರು: ಪದಕ ಎಲ್ಲೋ ಕಳೆದುಕೊಂಡೆ, ಯಾವ ಮುಖ ಹೊತ್ತು ಮನೆಗೆ ಬರಲಿ? ಯಾರಿಗಾದರೂ ಸಿಕ್ಕಿದ್ದರೆ ತಿಳಿಸಿ. ಅವರ ಮಗಳು, ನಮ್ಮಮ್ಮ, ಇನ್ನೂ ಇದ್ದಾರೆ."

ಎರಡನೆಯ ಸಲ ಅಜ್ಜಿಗೆ ಕೇಳುವಂತೆ ಓದಿದಳು. ಅಜ್ಜಿಯ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧ ಮಡಿಕೆಯಲ್ಲೇ ನಿಂತಿತು.

"ಹೊಲಿಗೆ ನೋಡಿದ್ಯಾ?"

"ನೋಡ್ದೆ."

"ಒಗೆಯೋ ತೊಟ್ಟಿ ಖಾಲಿ ಮಾಡಿದಾಗ ತಳದಲ್ಲಿ ಸಿಕ್ತಂತೆ, ಯಾರದೋ ಜೇಬಿಂದ ಜಾರಿ ಬಿದ್ದಿದ್ದು. ಅಷ್ಟರಲ್ಲಿ ಬಟ್ಟೆ ಯಜಮಾನರಿಗೆ ಸೇರಿತ್ತು, ದಂಡು ಮುಂದಕ್ಕೆ ಹೋಗಿತ್ತು. ನಮ್ಮಪ್ಪ ಅದನ್ನ ಒಂದಿನಾನೂ ಎದೆಗೆ ಹಾಕ್ಕೊಂಡೋನಲ್ಲ. ಸಾಯೋವರೆಗೂ ಅದು ಡಬ್ಬಿಯಲ್ಲೇ ಇತ್ತು." ಅಜ್ಜಿ ದಿಂಬಿನ ಚೀಲವನ್ನು ಮತ್ತೆ ಬಿಡಿಸಿದಳು. "ಗೋಡೆಗೆ ಹಾಕಿದ್ದು ನಾನು. ಶಾಲೆಯಲ್ಲಿ ನನ್ನನ್ನ ಸೋಪಿನ ನೊರೆ ಅಂತ ಕರೀತಿದ್ರು. ನಿಮ್ಮಮ್ಮನಿಗೆ ಹಾಗೆ ಆಗಬಾರದು ಅನ್ನಿಸ್ತು. ಸಿಪಾಯಿ ಅಂದೆ. ಜನ ನಂಬಿದ್ರು. ಆಮೇಲೆ ನಾನೂ ನಂಬಿದೆ."

"ನಾನು ಅದಕ್ಕಿಂತ ಕೆಟ್ಟದ್ದು ಮಾಡ್ದೆ ಅಜ್ಜಿ. ಹೆಸರು ಕಣ್ಣೆದುರಿಗೇ ಇತ್ತು. ಬಟ್ಟೆ ಒಗೆಯೋರು ಅಂದಿದ್ದಕ್ಕೆ ನಮ್ಮೋರಲ್ಲ ಅಂದುಬಿಟ್ಟೆ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಇಬ್ಬರೂ ಹೋದರು. ಅಜ್ಜಿ ಪದಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ನಾಲ್ಕು ಕಂಪ್ಯೂಟರಿನ ಮುಂದೆಯೂ ಜನ ಇದ್ದರು. ಆಚೆ ಕರೆದು ಗುಟ್ಟಾಗಿ ಹೇಳೋಣವೆಂದರೆ ಮೇಡಂ ಎದ್ದೇಳಲಿಲ್ಲ.

"ಮೇಡಂ, ಮೊದಲ ದಿನ ಸಿಕ್ಕಿದ್ರಲ್ಲ, ಬಟ್ಟೆ ಒಗೆಯೋರು. ಅವರೇ ನಮ್ಮ ಮುತ್ತಜ್ಜ. ಆ ಪದಕ ನಮ್ಮದಲ್ಲ. ನಾನು ಸುಳ್ಳು ಹೇಳಿದೆ."

ಕೀಲಿಮಣೆಗಳ ಸದ್ದು ನಿಂತಿತು. ಅವಳ ಕಿವಿ ಕಾದ ಇಸ್ತ್ರಿಯಂತಾಯಿತು.

"ನಾಳೆಯ ಸಭೆಯ ಹೆಸರುಗಳ ಹಾಳೆ ಅಚ್ಚಾಗಿ ಬಂದಿದೆಯಲ್ಲಮ್ಮ!" ಎಂದರು ಮೇಡಂ, ಕನ್ನಡಕ ತೆಗೆದು. ಅವರಿಗೆ ಕೋಪ ಬಂದಿತ್ತು, ಅದನ್ನು ಮುಚ್ಚಿಡಲಿಲ್ಲ. "ನೂರು ಪ್ರತಿ. ಕೂತ್ಕೊಂಡು ಒಂದೊಂದರಲ್ಲೂ ಆ ಸಾಲು ಹೊಡೆದುಹಾಕು."

ನೂರರಲ್ಲೂ ಹೊಡೆದುಹಾಕಿದಳು. ಪ್ರತಿ ಹಾಳೆಯಲ್ಲೂ ತನ್ನ ಸುಳ್ಳು ಅಚ್ಚುಕಟ್ಟಾಗಿ ಕೂತಿತ್ತು. ಅದು ಮುಗಿದ ಮೇಲೆ ಕಂಪ್ಯೂಟರಿನ ಒಂದು ಗಂಟೆ ಕೇಳಿ ಪಡೆದು, ಆ ಟಿಪ್ಪಣಿಯ ಕೆಳಗೆ ಒಂದೊಂದೇ ಅಕ್ಷರ ಒತ್ತಿದಳು. ಅರ್ಜಿಗಳ ಭಾಷೆ ಅವಳಿಗೆ ಬರದು. ಗಿರಾಕಿಗಳಿಗೆ ಹೇಳುವ ಹಾಗೆಯೇ ಬರೆದಳು: ನಿಮ್ಮ ತಾತನ ಪದಕ ನಮ್ಮ ಲಾಂಡ್ರಿಯಲ್ಲಿದೆ. ಒಗೆಯಲು ಕೊಟ್ಟ ಬಟ್ಟೆಯ ಜೇಬಿನಲ್ಲಿತ್ತು. ಬಂದು ತೆಗೆದುಕೊಂಡು ಹೋಗಿ.

"ತಡ ಆಯ್ತು ಅಂತಾನೂ ಬರಿ," ಎಂದಳು ಹಿಂದೆ ನಿಂತ ಅಜ್ಜಿ. "ಎಷ್ಟು ಬೈದ್ರೂ ಕೇಳಿಸ್ಕೋತೀವಿ ಅಂತ ಬರಿ."

ಹೊರಡುವಾಗ ಮೇಡಂ ಸ್ವಲ್ಪ ತಣ್ಣಗಾಗಿದ್ದರು. "ಒಗೆಯೋರೂ ದಂಡಿನ ಜೊತೆ ಹೋದೋರೇ ತಾನೆ ಅಜ್ಜಿ? ನಿಮ್ಮಪ್ಪನ ಹೆಸರೂ ಓದಲಾ?"

ಅಜ್ಜಿ ಬಾಗಿಲಲ್ಲಿ ನಿಂತಳು. ಬೇಕು ಎನ್ನುವುದು ಅವಳ ಮುಖದಲ್ಲೇ ಇತ್ತು.

"ಈ ಸಲ ಬೇಡಮ್ಮ. ಯಜಮಾನರು ಬಂದು ಹೋಗ್ಲಿ. ಆಮೇಲೂ ನಾನಿದ್ರೆ, ಓದಿ."

ಸೋಮವಾರ ಗೋಡೆಯ ಮೇಲೆ ಚೌಕಟ್ಟಿನಷ್ಟೇ ಅಗಲದ ಬಿಳಿ ಜಾಗ ಉಳಿದಿತ್ತು. ಕೋಟು ಒಯ್ಯಲು ಬಂದ ಮೇಷ್ಟ್ರು ಅದನ್ನೇ ನೋಡಿದರು.

"ಅಲ್ಲ, ನಿಮ್ಮ ಪದಕ ಎಲ್ಲಿ?"

ಅಜ್ಜಿ ಗುಂಡಿ ಹೊಲಿಯುತ್ತಿದ್ದಳು, ಸೂಜಿಯಿಂದ ಕಣ್ಣೆತ್ತಲಿಲ್ಲ. ಮೊಮ್ಮಗಳು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ತಲೆ ಎತ್ತಲು ಅವಳಿಂದಲೂ ಆಗಲಿಲ್ಲ. ಕೈ ಮಾತ್ರ ಹಲಗೆಯ ಮೇಲಿನ ಡಬ್ಬಿಯತ್ತ ಹೋಯಿತು.

"ಇಲ್ಲಿದೆ ಸಾರ್. ಅದು ನಮ್ಮದಲ್ಲ. ಯಜಮಾನರು ಬರಬೇಕು."