ಎದುರು ಪಕ್ಷದ ಪರವಾಗಿ ಮಾತಾಡಿದ ಹುಡುಗಿ

ಮಸಾಕ ಪಟ್ಟಣದ ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಚರ್ಚಾ ಸ್ಪರ್ಧೆ ಎಂದರೆ ನಾಕಲೆಮ. ಹದಿನೈದರ ಹುಡುಗಿ ವೇದಿಕೆ ಹತ್ತಿದರೆ ಅಡುಗೆಮನೆಯವರೂ ಸೌಟು ಹಿಡಿದುಕೊಂಡೇ ಕಿಟಕಿಗೆ ಬರುತ್ತಿದ್ದರು. ಜಿಲ್ಲಾ ಸ್ಪರ್ಧೆಗೂ ಅವಳೇ ನಾಯಕಿ. ಅಲ್ಲಿ ವಿಷಯವನ್ನು ಮೊದಲೇ ಹೇಳುವುದಿಲ್ಲ, ವೇದಿಕೆಯ ಮೇಲೆಯೇ ಲಕೋಟೆ ಒಡೆದು ಎರಡೂ ಕಡೆಯವರ ಕೈಗೆ ಒಂದೊಂದು ಚೀಟಿ ಕೊಡುತ್ತಾರೆ.

ಅಂದು ಬಂದ ವಿಷಯ, ‘ಹಾಸ್ಟೆಲ್ ಶಾಲೆಗಳನ್ನು ಮುಚ್ಚಬಾರದು’. ನಮ್ಮವರು ಅದರ ಪರ. ನಾಕಲೆಮ ಎದ್ದು ನಿಂತು, ಹಾಸ್ಟೆಲ್‌ಗಳನ್ನು ಏಕೆ ಮುಚ್ಚಲೇಬೇಕು ಎಂದು ಮಾತಾಡತೊಡಗಿದಳು. ತಾಯಿಯ ಕೈಯಡುಗೆ ಮರೆತ ಮಕ್ಕಳು, ಮನೆಮಾತು ಮರೆತ ಮಕ್ಕಳು ಎಂದು ಅವಳು ಹೇಳುತ್ತಿದ್ದರೆ ಸಭೆ ಉಸಿರು ಬಿಗಿಹಿಡಿದು ಕೇಳಿತು. ಎದುರು ಪಕ್ಷದ ಹುಡುಗಿಯರು ಮುಖ ಮುಖ ನೋಡಿಕೊಂಡರು. ಸರದಿ ಬಂದಾಗ ಅವರಲ್ಲೊಬ್ಬಳು ಎದ್ದು, “ನಾವ್ ಹೇಳ್ಬೇಕು ಅಂದ್ಕೊಂಡಿದ್ದನ್ನೆಲ್ಲ ಈ ಅಕ್ಕಾನೇ ಹೇಳ್ಬಿಟ್ರು. ನಮ್ಮದೇನೂ ಇಲ್ಲ” ಎಂದು ಕುಳಿತಳು. ಸಭಾಂಗಣವೆಲ್ಲ ನಗು. ತೀರ್ಪುಗಾರರಿಗೆ ಯಾರಿಗೆ ಅಂಕ ಕೊಡಬೇಕೆಂದೇ ತಿಳಿಯಲಿಲ್ಲ.

ಚರ್ಚಾ ತಂಡದ ಮೇಷ್ಟ್ರು ಮುಕೀಬಿ ಮರುದಿನವೇ ಅವಳನ್ನು ನನ್ನ ಕೋಣೆಗೆ ಕರೆತಂದರು. ಆ ಶಾಲೆಗೆ ನಾನು ಆಪ್ತ ಸಲಹೆಗಾರ್ತಿಯಾಗಿ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ.

“ಕಿಸಾಚೆ ಮೇಡಂ, ಇವಳಿಗೆ ಸೊಕ್ಕು ನೆತ್ತಿಗೇರಿದೆ. ಶಾಲೆ ಮಾನ ಕಳೆದಳು. ಸ್ವಲ್ಪ ಬುದ್ಧಿ ಹೇಳಿ” ಎಂದು ಬಿಟ್ಟುಹೋದರು.

“ಯಾಕಮ್ಮ ಹಾಗ್ ಮಾಡ್ದೆ?”

“ಬೇಕಂತಲೇ ಮಾಡ್ದೆ ಮೇಡಂ.”

“ಅದೇ, ಯಾಕೆ ಅಂತ.”

“ಸುಮ್ನೆ.”

ಸೊಕ್ಕಿನ ಮಕ್ಕಳನ್ನು ನಾನು ಕಂಡಿದ್ದೇನೆ. ಇವಳು ಮಾತ್ರ ಅವರ ಹಾಗೆ ಕಾಣಲಿಲ್ಲ. ಏನು ಮಾಡಬೇಕೆಂದು ತೋಚದೆ, ಮೇಜಿನ ಮೇಲಿದ್ದ ಪತ್ರಿಕೆಯನ್ನು ಅವಳ ಕಡೆ ಸರಿಸಿ, “ಇದನ್ನಾದ್ರೂ ಓದ್ತಾ ಕೂತಿರು. ಜೋರಾಗೇ ಓದು, ನಾನೂ ಕೇಳ್ತೀನಿ” ಎಂದೆ.

ಅವಳು ಓದಿದಳು. ಸರೋವರದಲ್ಲಿ ಮಗುಚಿದ ದೋಣಿ, ಈಜಿ ದಡ ಸೇರಿದ ಮೀನುಗಾರ, ಅವನ ಹೆಂಡತಿ ಹೇಳಿದ ಮಾತು. ಎಲ್ಲೂ ತಡವರಿಕೆಯಿಲ್ಲ. ಕೇಳುತ್ತ ನನ್ನ ಕಣ್ಣಂಚು ಒದ್ದೆಯಾಯಿತು. ಆ ಪುಟವನ್ನು ಬೆಳಿಗ್ಗೆಯೇ ನಾನು ಓದಿದ್ದೆ. ಅಲ್ಲಿ ದೋಣಿಯ ಚಿತ್ರವಿದ್ದದ್ದು ನಿಜ. ಆದರೆ ಸುದ್ದಿ ದೋಣಿಗಳ ಮೇಲಿನ ಹೊಸ ತೆರಿಗೆಯದು.

“ನೀನು ಹೇಳಿದ್ದು ಇಲ್ಲಿ ಬರೆದಿಲ್ವಲ್ಲ, ನಾಕಲೆಮ.”

ಅವಳು ಪತ್ರಿಕೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು. ಆಮೇಲೆ ಒಂದೊಂದೇ ಹೊರಬಿತ್ತು. ಅಕ್ಷರಗಳು ಅವಳ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಗೆಳತಿ ಪಾಠವನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, ಪೂರ್ತಿ ತಲೆಯಲ್ಲಿ ಉಳಿಯುತ್ತಿತ್ತು. ಪರೀಕ್ಷೆಯ ಕೆಟ್ಟ ಅಂಕಗಳಿಗೆ ಸೋಮಾರಿ ಎಂದು ಬೈಸಿಕೊಳ್ಳುತ್ತಿದ್ದಳು. ಅಂದಿನ ಚೀಟಿ ಇಂಗ್ಲಿಷಿನಲ್ಲಿತ್ತು, ‘ಮುಚ್ಚಬಾರದು’ ಎನ್ನುವುದರಲ್ಲಿನ ‘ನಾಟ್’ ಎಂಬ ಪುಟ್ಟ ಪದ ಅವಳಿಗೆ ಕಾಣಿಸಲೇ ಇಲ್ಲ.

“ಮತ್ತೆ ಬೇಕಂತ ಮಾಡ್ದೆ ಅಂದ್ಯಲ್ಲೇ?”

“ಸೊಕ್ಕಿನವಳು ಅಂದ್ರೆ ನಾಕ್ ದಿನ ಬೈತಾರೆ ಮೇಡಂ. ದಡ್ಡಿ ಅಂತ ಗೊತ್ತಾದ್ರೆ ಪಾಪ ಅಂತಾರೆ.”

ಕಂಪಾಲದ ತಜ್ಞೆಯ ಬಳಿ ಪರೀಕ್ಷೆ ಮಾಡಿಸಿದೆವು. ಬುದ್ಧಿಶಕ್ತಿ ಅಪರೂಪದ್ದು, ಓದುವ ತೊಡಕು ಕೂಡ ದೊಡ್ಡದು ಎಂದು ಆಕೆ ಹೇಳಿದರು. ಈ ಮಾತನ್ನು ಮನೆಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ನಮ್ಮಲ್ಲಿ ಹುಡುಗಿಗೆ ಬುದ್ಧಿ ಹೇಳುವ ಹಕ್ಕು ಸೋದರತ್ತೆಯದು. ನಾಕಲೆಮಳನ್ನು ಸಾಕಿದ ಅತ್ತೆ ನಬ್ಬಂಜ ಅಂಗಳದಲ್ಲಿ ಮಟೋಕೆ ಬಾಳೆಕಾಯಿ ಸುಲಿಯುತ್ತ ಕುಳಿತಿದ್ದರು. ನಾನು ಮಂಡಿಯೂರಿ ನಮಸ್ಕರಿಸಿ ಎಲ್ಲವನ್ನೂ ಹೇಳಿದೆ.

“ನಾನು ಬದುಕಿರುವಾಗ್ಲೇ ಇವಳಿಗೆ ಸಂಬಳದ ಅತ್ತೆ ಬೇಕಾಯ್ತಾ?” ಎಂದರು ಮೊದಲು. ಆಮೇಲೆ ಚಾಕು ಕೆಳಗಿಟ್ಟು, “ಬುದ್ಧಿ ಜಾಸ್ತಿ ಅಂತೀಯ, ಓದೋಕ್ ಬರಲ್ಲ ಅಂತೀಯ. ಯಾವ್ದಾದ್ರೂ ಒಂದ್ ಹೇಳು ತಾಯಿ. ನಗ್ಲೋ, ಅಳ್ಲೋ?” ಎಂದು ಕೇಳಿದರು.

“ಎರಡೂ ನಿಜ ಅತ್ತೆ.”

“ಅದ್ಹೆಂಗೆ?”

ಹೇಗೆಂದು ಪುಸ್ತಕದ ಮಾತಿನಲ್ಲಿ ಹೇಳಲು ಹೊರಟೆ. ನಡುವೆ ನನಗೇ ದಾರಿ ತಪ್ಪಿತು. ನಾಕಲೆಮ ಗೋಡೆಗೆ ಒರಗಿ ನಿಂತು, ಬೇರೆ ಯಾರದೋ ವಿಷಯವೆಂಬಂತೆ ಕೇಳುತ್ತಿದ್ದಳು.

ಅಂದಿನಿಂದ ಅವಳು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ನಿಜ ಹೊರಬಿದ್ದರೆ ಹಗುರಾಗುತ್ತಾಳೆಂದು ನಾನು ತಿಳಿದಿದ್ದೆ. ಕೇಳಿದರೆ, “ಮುಂಚೆ ಸೋಮಾರಿ ಅಂತ ಗೊತ್ತಿತ್ತು. ಈಗ ನಾನು ಯಾರು ಅಂತಲೇ ಗೊತ್ತಾಗ್ತಿಲ್ಲ” ಎಂದಳು. ಕೆದಕಿದ್ದೇ ತಪ್ಪಾಯಿತೇ ಎಂದು ನನಗೂ ಅನುಮಾನ. ವಾರವಾರವೂ ಬರಹೇಳಿದೆ. ಕೆಲವು ವಾರ ಸಾಲಿನ ಕೆಳಗೆ ಬೆರಳಿಟ್ಟು ಒಂದೆರಡು ಸಾಲು ಓದಿಸುತ್ತಿದ್ದೆ.

ಕೊನೆಗೆ ಒಂದು ದಿನ ತಾನಾಗಿಯೇ, “ಮುಕೀಬಿ ಸರ್‌ಗೆ ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿರಿ, ಮಾತಾಡ್ಬೇಡಿ” ಎಂದಳು. ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಹಾಗಾದ್ರೆ ಅವತ್ತು ಬೇಕಂತ ಮಾಡಿದ್ದಲ್ವಾ?”

“ಅಲ್ಲ ಸರ್.”

“ಬೇಕಂತ ಮಾಡಿದ್ರೆ ಕ್ಷಮಿಸಿಬಿಡಬಹುದಿತ್ತು. ಈಗ ಏನ್ ಮಾಡ್ಬೇಕೋ ನಂಗೆ ತಿಳೀತಿಲ್ಲ ಮಗಳೇ.”

“ನಂಗೂ ತಿಳೀತಿಲ್ಲ ಸರ್. ಮುಂದಿನ ಸಲ ಚೀಟಿನ ಯಾರಾದ್ರೂ ಓದಿ ಹೇಳಿದ್ರೆ ಸಾಕು.”

ಮುಂದಿನ ಸ್ಪರ್ಧೆಯಲ್ಲಿ ಮೇಷ್ಟ್ರೇ ಎದ್ದು ನಿಂತು ವಿಷಯವನ್ನು ಎರಡು ಸಲ ಗಟ್ಟಿಯಾಗಿ ಓದಿದರು. ನಾಕಲೆಮ ಸರಿಯಾದ ಪಕ್ಷದ ಪರವಾಗಿಯೇ ಮಾತಾಡಿದಳು. ಹಳೆಯ ಬಿಸಿ ಇರಲಿಲ್ಲ. ನಮ್ಮವರು ಸೋತರು. ವಾರ್ಷಿಕ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಲು ಒಬ್ಬರನ್ನು ಕೊಡಲು ಶಾಲೆ ಒಪ್ಪಿತು. ಅವಳು ಪಾಸಾದಳು. ಅದು ಮೋಸ ಎಂದ ಸಹಪಾಠಿಗಳೂ ಇದ್ದರು.

ಫಲಿತಾಂಶದ ದಿನ ನನ್ನ ಕೋಣೆಗೆ ಬಂದು ಕುಳಿತಳು.

“ಪಾಸಾಗಿದ್ದು ಯಾರು ಮೇಡಂ? ಮಾತಾಡೋ ಹುಡುಗೀನಾ, ಓದಕ್ಕಾಗದೇ ಇರೋ ಹುಡುಗೀನಾ?”

“ಇಬ್ರೂ ಒಬ್ಬಳೇ ಅಲ್ವೇನೇ?”

“ಹೂಂ” ಎಂದಳು. ನಂಬಿದಂತೆ ಕಾಣಲಿಲ್ಲ. ಆದರೂ ನನ್ನ ಕಪಾಟಿನಿಂದ ಒಂದು ತೆಳು ಪುಸ್ತಕ ಎಳೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಇದ್ದ ಪದಗಳನ್ನೇ ನಿಧಾನವಾಗಿ ಓದತೊಡಗಿದಳು.